ಊರ ಲೇತಿನ ಬಿಗಿ, ಪಂಪಿನ ಬಾಳಿಕೆ

ಮಾರ್ಚ್ ತಿಂಗಳು ಬಂತೆಂದರೆ ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ ಮತ್ತು ಹೆಗ್ಗಡದೇವನಕೋಟೆ ತಾಲ್ಲೂಕುಗಳಲ್ಲಿ ಪಂಪುಸೆಟ್ಟುಗಳಿಗೆ ಬಿಡುವಿರುವುದಿಲ್ಲ. ಹೊಗೆಸೊಪ್ಪಿನ ಸಸಿಮಡಿಗೆ ದಿನವೂ ನೀರು ಬೇಕು. ಅದರ ಬೆನ್ನಿಗೇ ಶುಂಠಿ ನಾಟಿ ಬರುತ್ತದೆ. ಇಂತಹ ಹೊತ್ತಿನಲ್ಲಿ ಪಂಪು ಕೆಟ್ಟು ನಿಂತರೆ ಎಳೆಯ ಸಸಿಗಳು ಬಿಸಿಲಿಗೆ ಹೆಚ್ಚು ದಿನ ತಡೆಯಲಾರವು. ರೈತರು ಮೋಟಾರಿನ ಶಾಫ್ಟನ್ನು ಬಿಚ್ಚಿ, ಗೋಣಿಚೀಲದಲ್ಲಿ ಸುತ್ತಿಕೊಂಡು ಪೇಟೆಯ ಲೇತು ಅಂಗಡಿಗೆ ಓಡುತ್ತಾರೆ. ಬೇರಿಂಗು ಕೂರುವ ಜಾಗ ಸವೆದಿರುತ್ತದೆ. ಅಂಗಡಿಯವರು ಅಲ್ಲಿಗೆ ವೆಲ್ಡಿಂಗ್ ತುಂಬಿಸಿ, ಲೇತಿಗೆ ಕಟ್ಟಿ ಕಡೆದು, ಹೊಸ ಬೇರಿಂಗು ಕೂರಿಸಿಕೊಡುತ್ತಾರೆ. ಪಂಪು ಓಡುತ್ತದೆ. ಆದರೆ ಒಂದೆರಡು ತಿಂಗಳಿನಲ್ಲೇ ಅದೇ ಜಾಗದಲ್ಲಿ ಮತ್ತೆ ಗರಗರ ಸದ್ದು ಕೇಳಿಬರುವುದುಂಟು.

ಹೀಗಾದಾಗ ರೈತರು ಬೇರಿಂಗನ್ನು ದೂರುತ್ತಾರೆ, ಅಂಗಡಿಯವರು ಕರೆಂಟನ್ನು ದೂರುತ್ತಾರೆ. ಕರೆಂಟಿನ ತಪ್ಪು ಇಲ್ಲದೆ ಇಲ್ಲ. ಆದರೆ ಅನೇಕ ವೇಳೆ ದೋಷವು ಶಾಫ್ಟನ್ನು ಕಡೆದ ಲೇತಿನಲ್ಲಿಯೇ ಇರುತ್ತದೆ. ಬಿಗಿ ಕಳೆದುಕೊಂಡ ಲೇತು, ಎಷ್ಟೇ ನುರಿತ ಕೆಲಸಗಾರನ ಕೈಯಲ್ಲಿದ್ದರೂ, ಸರಿಯಾದ ಅಳತೆ ಕೊಡಲಾರದು. ಒಳ್ಳೆಯ ಸಂಗತಿಯೆಂದರೆ, ಈ ಬಿಗಿಯ ಬಹುಪಾಲನ್ನು ಹೊಸ ಯಂತ್ರ ಕೊಳ್ಳದೆಯೇ ಮರಳಿ ಪಡೆಯಬಹುದು.

ಕೂದಲಿಗಿಂತ ಸಣ್ಣ ಅಳತೆ

ಪಂಪುಸೆಟ್ಟುಗಳಲ್ಲಿ ಕಂಡುಬರುವ 6308 ಎಂಬ ಬೇರಿಂಗನ್ನು ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಅದರ ಒಳರಂಧ್ರ 40 ಮಿ.ಮೀ., ಹೊರವ್ಯಾಸ 90 ಮಿ.ಮೀ., ಅಗಲ 23 ಮಿ.ಮೀ. ಅದು ಕೂರುವ ಜಾಗದಲ್ಲಿ ಶಾಫ್ಟಿನ ವ್ಯಾಸ ಸರಿಯಾಗಿ 40 ಮಿ.ಮೀ. ಇದ್ದರೆ ಸಾಲದು, ಅದಕ್ಕಿಂತ ಒಂದಿಷ್ಟೇ ಇಷ್ಟು ದಪ್ಪವಿರಬೇಕು. ‘ಕೆ 6’ ಎಂದು ಕರೆಯುವ ಹೊಂದಾಣಿಕೆಯ ಪ್ರಕಾರ ವ್ಯಾಸವು 40.002 ಮಿ.ಮೀ.ಗೆ ಕಡಿಮೆಯಾಗಬಾರದು, 40.018 ಮಿ.ಮೀ.ಗೆ ಮೀರಬಾರದು. ಎಂದರೆ ಕೆಲಸಗಾರನಿಗೆ ಸಿಗುವ ಅವಕಾಶ ಒಂದು ಮಿಲಿಮೀಟರಿನ ಸಾವಿರದಲ್ಲಿ ಹದಿನಾರು ಭಾಗ ಮಾತ್ರ. ಮನುಷ್ಯನ ತಲೆಗೂದಲು ಇದಕ್ಕಿಂತ ಹಲವು ಪಟ್ಟು ದಪ್ಪ.

ಶಾಫ್ಟು ಇದಕ್ಕಿಂತ ಸಣ್ಣದಾದರೆ ಬೇರಿಂಗಿನ ಒಳಬಳೆಯು ಶಾಫ್ಟಿನ ಜೊತೆಯಲ್ಲಿ ತಿರುಗದೆ ಅದರ ಮೇಲೆ ಜಾರತೊಡಗುತ್ತದೆ. ಜಾರಿದ ಕಡೆ ಬಿಸಿ ಹುಟ್ಟುತ್ತದೆ, ಕಬ್ಬಿಣ ಸವೆಯುತ್ತದೆ, ಸಡಿಲ ಇನ್ನೂ ಹೆಚ್ಚುತ್ತದೆ. ಶಾಫ್ಟು ದಪ್ಪವಾದರೆ ಒಳಬಳೆ ಹಿಗ್ಗಿ ಗುಂಡುಗಳು ಎರಡು ಬಳೆಗಳ ನಡುವೆ ಇರುಕಿಕೊಂಡು ಬೇರಿಂಗು ಕಾಯುತ್ತದೆ. ಇವೆರಡಕ್ಕಿಂತ ಕಣ್ಣಿಗೆ ಬೀಳದ ದೋಷವೆಂದರೆ ಒಂದು ತುದಿ ದಪ್ಪ, ಇನ್ನೊಂದು ತುದಿ ತೆಳುವಾಗುವುದು. ಆಗ ಬೇರಿಂಗು 23 ಮಿ.ಮೀ. ಅಗಲದಲ್ಲಿ ಒಂದು ಅಂಚಿನಲ್ಲಿ ಮಾತ್ರ ಹಿಡಿದಿರುತ್ತದೆ. ಅಂಗಡಿಯಲ್ಲಿ ಕೈಯಿಂದ ತಿರುಗಿಸಿ ನೋಡಿದಾಗ ಎಲ್ಲವೂ ಚೆನ್ನಾಗಿಯೇ ಕಾಣುತ್ತದೆ.

ಶಾಫ್ಟು ಒಮ್ಮೆ ಸಣ್ಣದಾಗಿ ಹೋದರೆ ಕೆಲವರು ಅದರ ಸುತ್ತ ಪಂಚಿನಿಂದ ಚುಕ್ಕೆ ಹೊಡೆದು ಬೇರಿಂಗನ್ನು ಬಿಗಿಮಾಡುತ್ತಾರೆ. ಚುಕ್ಕೆಯ ಅಂಚಿನಲ್ಲಿ ಎದ್ದ ಕಬ್ಬಿಣದ ತುದಿಗಳ ಮೇಲೆ ಮಾತ್ರ ಬೇರಿಂಗು ನಿಂತಿರುತ್ತದೆ. ಈ ತುದಿಗಳು ಕೆಲವು ದಿನಗಳಲ್ಲೇ ನಜ್ಜುಗುಜ್ಜಾಗುತ್ತವೆ. ತುರ್ತಿಗೆ ಎರಡು ದಿನ ನೀರೆತ್ತಲು ಆದೀತೇ ಹೊರತು ಇದನ್ನು ದುರಸ್ತಿ ಎನ್ನಲಾಗದು.

ಅಲುಗುವುದು ಎಲ್ಲಿ?

ಲೇತಿನಲ್ಲಿ ಶಾಫ್ಟು ಚಕ್ಕಿನ ಹಿಡಿತದಲ್ಲಿ ತಿರುಗುತ್ತದೆ, ಟೂಲು ಅದರ ಮೈಯನ್ನು ಸವರುತ್ತಾ ಸಾಗುತ್ತದೆ. ಟೂಲು ನೇರವಾಗಿ ನೆಲಕ್ಕೆ ನಿಂತಿರುವುದಿಲ್ಲ. ತಳದಲ್ಲಿ ಉದ್ದನೆಯ ಬೆಡ್ಡು, ಅದರ ಮೇಲೆ ಉದ್ದಕ್ಕೂ ಓಡಾಡುವ ಸ್ಯಾಡಲ್ಲು, ಸ್ಯಾಡಲ್ಲಿನ ಮೇಲೆ ಅಡ್ಡಡ್ಡ ಚಲಿಸುವ ಕ್ರಾಸ್ ಸ್ಲೈಡು, ಅದರ ಮೇಲೆ ಓರೆಗೆ ತಿರುಗಿಸಬಹುದಾದ ಕಾಂಪೌಂಡು, ಅದರ ತಲೆಯ ಮೇಲೆ ಟೂಲ್ ಪೋಸ್ಟು. ಒಂದರ ಮೇಲೊಂದು ಇಟ್ಟ ಈ ಐದು ಅಂತಸ್ತುಗಳಲ್ಲಿ ಪ್ರತಿಯೊಂದರಲ್ಲೂ ಒಂದಿಷ್ಟು ಸಡಿಲವಿದ್ದರೆ, ಎಲ್ಲವೂ ಕೂಡಿ ಟೂಲಿನ ತುದಿಯಲ್ಲಿ ಬಂದು ಸೇರುತ್ತದೆ.

ನೇಗಿಲು ಹಿಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಈಸು ಕೂರುವ ಜಾಗದಲ್ಲಿ ಬೆಣೆ ಸಡಿಲವಾದರೆ ಕುಳವು ಒಮ್ಮೆ ಆಳಕ್ಕೆ ಹೋಗುತ್ತದೆ, ಒಮ್ಮೆ ಮೇಲಕ್ಕೆ ಬರುತ್ತದೆ, ಸಾಲು ಡೊಂಕಾಗುತ್ತದೆ. ಎತ್ತು, ಉಳುವವನು, ಮಣ್ಣು ಯಾವುದೂ ಬದಲಾಗಿರುವುದಿಲ್ಲ. ಲೇತಿನಲ್ಲಿಯೂ ಇಂತಹುದೇ ಬೆಣೆಯಿದೆ. ಒಂದು ಸ್ಲೈಡಿಗೂ ಅದರ ಕೆಳಗಿನ ಜಾಡಿಗೂ ನಡುವೆ ತೂರಿಸಿರುವ ತೆಳುವಾದ ಲೋಹದ ಪಟ್ಟಿಗೆ ಅಂಗಡಿಗಳಲ್ಲಿ ಗಿಬ್ ಎನ್ನುತ್ತಾರೆ. ಸವೆತ ಉಂಟಾದಂತೆಲ್ಲ ಈ ಪಟ್ಟಿಯನ್ನು ತಿರುಪುಗಳಿಂದ ಒತ್ತಿ ಸಡಿಲ ತೆಗೆಯಬಹುದೆಂದೇ ಅದನ್ನು ಇಟ್ಟಿರುವುದು. ವರ್ಷಗಟ್ಟಲೆ ಅದನ್ನು ಮುಟ್ಟದೆ ಕೆಲಸ ಮಾಡುವ ಅಂಗಡಿಗಳೂ ಇವೆ.

ಗಿಬ್ ಬಿಗಿಮಾಡುವ ಕ್ರಮ

ಮೊದಲು ಸ್ಲೈಡನ್ನು ಬಿಚ್ಚಿ ಸೀಮೆಎಣ್ಣೆಯಲ್ಲಿ ತೊಳೆದು ಒರೆಸಬೇಕು. ಗಾಳಿ ಪಂಪಿನಿಂದ ಊದುವುದು ಸಲ್ಲದು. ಅದರಿಂದ ಕಬ್ಬಿಣದ ಪುಡಿ ಹೊರಗೆ ಹೋಗುವ ಬದಲು ಸ್ಲೈಡಿನ ಅಡಿಗೆ ನುಗ್ಗುತ್ತದೆ. ಗಿಬ್ ಪಟ್ಟಿ ಬಾಗಿದೆಯೇ, ಗೀರು ಬಿದ್ದಿದೆಯೇ ನೋಡಿ, ಎಣ್ಣೆ ಹಚ್ಚಿ ಮತ್ತೆ ಕೂರಿಸಬೇಕು. ಸಾಲಾಗಿ ತಿರುಪುಗಳಿರುವ ಬಗೆಯಾದರೆ ನಡುವಿನ ತಿರುಪಿನಿಂದ ಆರಂಭಿಸಿ ತುದಿಗಳ ಕಡೆಗೆ, ಪ್ರತಿಯೊಂದನ್ನೂ ಸ್ವಲ್ಪ ಸ್ವಲ್ಪವೇ ಬಿಗಿಮಾಡುತ್ತಾ, ನಡುನಡುವೆ ಹ್ಯಾಂಡಲ್ ತಿರುಗಿಸಿ ನೋಡುತ್ತಾ ಹೋಗಬೇಕು. ಕೈಗೆ ಒಂದೇ ಸಮನಾದ ಹಗುರ ತಡೆ ಸಿಕ್ಕಿದಾಗ ನಿಲ್ಲಿಸಿ, ತಿರುಪು ತಿರುಗದಂತೆ ಹಿಡಿದುಕೊಂಡು ಲಾಕ್ ನಟ್ಟನ್ನು ಬಿಗಿಯಬೇಕು. ಒಂದು ತುದಿ ದಪ್ಪ, ಇನ್ನೊಂದು ತೆಳು ಇರುವ ಬೆಣೆಯಾಕಾರದ ಗಿಬ್ಬಿಗೆ ಎರಡು ತುದಿಗಳಲ್ಲಿ ಒಂದೊಂದು ತಿರುಪಿರುತ್ತದೆ. ತೆಳುತುದಿಯದನ್ನು ಸಡಿಲಿಸಿ ದಪ್ಪತುದಿಯದನ್ನು ಒತ್ತಿದರೆ ಪಟ್ಟಿ ಒಳಕ್ಕೆ ಸರಿದು ಬಿಗಿಯಾಗುತ್ತದೆ.

ಇಲ್ಲಿ ಒಂದು ತೊಡಕಿದೆ. ಕ್ರಾಸ್ ಸ್ಲೈಡಿನ ಜಾಡು ನಡುಭಾಗದಲ್ಲಿಯೂ, ಬೆಡ್ಡು ಚಕ್ಕಿನ ಸಮೀಪದಲ್ಲಿಯೂ ಹೆಚ್ಚಾಗಿ ಸವೆದಿರುತ್ತವೆ. ಬಹುತೇಕ ಕೆಲಸ ನಡೆಯುವುದು ಅಲ್ಲಿಯೇ. ಹೆಚ್ಚು ಸವೆದ ಜಾಗಕ್ಕೆ ಹೊಂದುವಂತೆ ಬಿಗಿಮಾಡಿದರೆ ಸವೆಯದ ಜಾಗದಲ್ಲಿ ಸ್ಲೈಡು ಸಿಕ್ಕಿಕೊಳ್ಳುತ್ತದೆ. ಆದ್ದರಿಂದ ಬಿಗಿಯನ್ನು ಕಡಿಮೆ ಸವೆದ ಜಾಗದಲ್ಲಿ ನೋಡಿ ನಿಶ್ಚಯಿಸಬೇಕು. ಸವೆದ ಜಾಗದಲ್ಲಿ ಉಳಿಯುವ ಸಡಿಲ ಎಷ್ಟೆಂಬುದನ್ನು ಡಯಲ್ ಗೇಜಿನಿಂದ ಅಳೆಯಬಹುದು. ಗೇಜಿನ ಬುಡವನ್ನು ಬೆಡ್ಡಿನ ಮೇಲಿಟ್ಟು, ಮುಳ್ಳನ್ನು ಟೂಲ್ ಪೋಸ್ಟಿಗೆ ತಾಗಿಸಿ, ಟೂಲ್ ಪೋಸ್ಟನ್ನು ಕೈಯಿಂದ ಬಲವಾಗಿ ಮೇಲಕ್ಕೂ ಕೆಳಕ್ಕೂ ಒತ್ತಿ ನೋಡಿದಾಗ ಮುಳ್ಳು 0.02 ಮಿ.ಮೀ.ನಷ್ಟು ಸರಿದರೆ ಚಿಂತೆಯಿಲ್ಲ. 0.05 ಮಿ.ಮೀ. ದಾಟಿದರೆ ಅಂತಹ ಯಂತ್ರದಲ್ಲಿ ಬೇರಿಂಗಿನ ಜಾಗ ಕಡೆಯುವುದು ಅದೃಷ್ಟದ ಮಾತಾಗುತ್ತದೆ.

ಹ್ಯಾಂಡಲ್ಲಿನ ಖಾಲಿ ಸುತ್ತನ್ನು, ಎಂದರೆ ಸ್ಕ್ರೂ ಮತ್ತು ನಟ್ಟಿನ ನಡುವಿನ ಸಡಿಲವನ್ನು, ಇದರೊಂದಿಗೆ ಬೆರೆಸಬಾರದು. ಅದು ಬೇರೆ ದೋಷ, ಮತ್ತು ಸಾಮಾನ್ಯವಾಗಿ ಅಷ್ಟು ಅಪಾಯದ್ದೂ ಅಲ್ಲ. ಯಾವಾಗಲೂ ಒಂದೇ ದಿಕ್ಕಿನಿಂದ ಅಳತೆಗೆ ಬರುವ ಅಭ್ಯಾಸವಿದ್ದರೆ ಅದರೊಡನೆ ಬಾಳಬಹುದು.

ಉದ್ದ ಹೆಚ್ಚಿದಂತೆ ಬಾಗುವಿಕೆ

ಸಡಿಲವಿಲ್ಲದ ಯಂತ್ರವೂ ಬಾಗುತ್ತದೆ. ಟೂಲು ಮುಂದಕ್ಕೆ ಚಾಚಿರುವ ಉದ್ದ ಇಮ್ಮಡಿಯಾದರೆ ಅದೇ ಒತ್ತಡಕ್ಕೆ ಅದು ಎಂಟು ಪಟ್ಟು ಬಾಗುತ್ತದೆ. ಟೂಲನ್ನು ಅದರ ಎತ್ತರದ ಒಂದೂವರೆ ಪಟ್ಟಿಗಿಂತ ಹೆಚ್ಚು ಹೊರಕ್ಕೆ ಚಾಚದಿರುವುದು ಒಳ್ಳೆಯದು. ಇದಕ್ಕೆ ಕಾಸಿನ ಖರ್ಚಿಲ್ಲ. ಆದರೂ ಅಂಗಡಿಗಳಲ್ಲಿ ಅತಿ ಹೆಚ್ಚಾಗಿ ಕಾಣುವ ತಪ್ಪು ಇದೇ.

ಕಡೆಯಬೇಕಾದ ಶಾಫ್ಟಿಗೂ ಇದೇ ನಿಯಮ. ಅಲ್ಲದೆ ಸರಳಿನ ದಪ್ಪ ಅರ್ಧವಾದರೆ ಬಾಗುವಿಕೆ ಹದಿನಾರು ಪಟ್ಟಾಗುತ್ತದೆ. 50 ಮಿ.ಮೀ. ಸರಳು ಗಮನಕ್ಕೆ ಬಾರದಷ್ಟು ಬಾಗುವ ಕಡೆ 25 ಮಿ.ಮೀ. ಸರಳು ಬೇರಿಂಗಿನ ಅಳತೆಯನ್ನೇ ಕೆಡಿಸುವಷ್ಟು ಬಾಗಬಹುದು. ಚಕ್ಕಿನಲ್ಲಿ ಒಂದೇ ತುದಿ ಹಿಡಿದು ಕಡೆದರೆ ಹೊರತುದಿಯು ಟೂಲಿನಿಂದ ದೂರ ಸರಿಯುವುದರಿಂದ ಆ ತುದಿ ದಪ್ಪವಾಗಿ ಉಳಿಯುತ್ತದೆ. ಎರಡು ತುದಿಗಳನ್ನೂ ಹಿಡಿದರೆ ನಡುಭಾಗ ಮದ್ದಲೆಯ ಹಾಗೆ ಉಬ್ಬಿಕೊಳ್ಳುತ್ತದೆ. ಉದ್ದ ಶಾಫ್ಟುಗಳಿಗೆ ಟೈಲ್‌ಸ್ಟಾಕಿನ ಆಸರೆ ಕೊಡಲೇಬೇಕು. ಟೈಲ್‌ಸ್ಟಾಕಿನ ಒಳಕೊಳವೆಯನ್ನು ಆದಷ್ಟು ಕಡಿಮೆ ಹೊರಗೆಳೆದು ಬಿಗಿಯಬೇಕು. ಕೊನೆಯ ಸವರುವಿಕೆಯಲ್ಲಿ ಲೋಹವನ್ನು ತೀರ ಕಡಿಮೆ ತೆಗೆಯಬೇಕು.

ಕೆಲಸದಲ್ಲಿ ಬೇಡವಾದ ಸ್ಲೈಡುಗಳನ್ನು ಬಿಗಿಹಾಕಿ ನಿಲ್ಲಿಸುವುದು ಇನ್ನೊಂದು ಉಪಾಯ. ಉದ್ದಕ್ಕೆ ಕಡೆಯುವಾಗ ಕಾಂಪೌಂಡನ್ನೂ, ತುದಿಯನ್ನು ಮಟ್ಟ ಮಾಡುವಾಗ ಸ್ಯಾಡಲ್ಲನ್ನೂ ಲಾಕ್ ಮಾಡಬೇಕು. ಕೆಲವರು ಕಾಂಪೌಂಡನ್ನೇ ತೆಗೆದುಹಾಕಿ, ಆ ಜಾಗಕ್ಕೆ ಅಷ್ಟೇ ಎತ್ತರದ ಗಟ್ಟಿ ಕಬ್ಬಿಣದ ದಿಮ್ಮಿಯನ್ನು ಬೋಲ್ಟಿನಿಂದ ಕೂರಿಸಿ ಅದರ ಮೇಲೆ ಟೂಲ್ ಪೋಸ್ಟನ್ನು ನಿಲ್ಲಿಸುತ್ತಾರೆ. ಒಂದು ಅಂತಸ್ತು, ಅದರೊಡನೆ ಒಂದು ಸಡಿಲ, ಎರಡೂ ಇಲ್ಲವಾಗುತ್ತವೆ. ಸಣ್ಣ ಲೇತುಗಳಲ್ಲಿ ಇದರ ಪ್ರಯೋಜನ ಕೂಡಲೇ ಕಾಣುತ್ತದೆ: ಗಡಗಡ ನಡುಕ ನಿಂತು ಮೈ ನುಣುಪಾಗಿ ಬರುತ್ತದೆ.

ಆದರೆ ಕಾಂಪೌಂಡು ಚೆನ್ನಾಗಿದ್ದರೆ ಅದನ್ನು ತೆಗೆಯದಿರುವುದೇ ಲೇಸು, ಏಕೆಂದರೆ ಅದರಿಂದ ಒಂದು ಸೂಕ್ಷ್ಮ ಕೆಲಸ ಆಗುತ್ತದೆ. ಅದನ್ನು ಬೆಡ್ಡಿನ ನೇರದಿಂದ ಸುಮಾರು 5¾ ಡಿಗ್ರಿ ಮಾತ್ರ ಓರೆಯಾಗಿ ನಿಲ್ಲಿಸಿ ಕ್ರಾಸ್ ಸ್ಲೈಡನ್ನು ಲಾಕ್ ಮಾಡಿದರೆ, ಕಾಂಪೌಂಡನ್ನು 0.1 ಮಿ.ಮೀ. ಸರಿಸಿದಾಗ ಟೂಲು ಶಾಫ್ಟಿನ ಕಡೆಗೆ 0.01 ಮಿ.ಮೀ. ಮಾತ್ರ ಹೋಗುತ್ತದೆ. ಟೂಲು ಒಳಕ್ಕೆ ಹೋದ ಎರಡರಷ್ಟು ವ್ಯಾಸ ಕಡಿಮೆಯಾಗುತ್ತದೆಂಬುದನ್ನು ನೆನಪಿಡಬೇಕು. ಮೇಲೆ ಹೇಳಿದ 0.016 ಮಿ.ಮೀ. ಅವಕಾಶವೆಂದರೆ ಟೂಲಿನ ಲೆಕ್ಕದಲ್ಲಿ 0.008 ಮಿ.ಮೀ. ಸರಿತ ಮಾತ್ರ.

ತಡೆದು ಜಿಗಿಯುವ ಸ್ಲೈಡು

ಬಿಗಿ ಬೇಕೆಂದು ತಿರುಪುಗಳನ್ನು ಅತಿಯಾಗಿ ಬಿಗಿದರೆ ಇನ್ನೊಂದು ತೊಂದರೆ ಎದುರಾಗುತ್ತದೆ. ಮಳೆಗಾಲದಲ್ಲಿ ಉಬ್ಬಿಕೊಂಡ ಮರದ ಬಾಗಿಲನ್ನು ತಳ್ಳಿದರೆ ಮೊದಲು ಅಲುಗುವುದೇ ಇಲ್ಲ. ಇನ್ನಷ್ಟು ತಳ್ಳಿದಾಗ ಒಮ್ಮೆಲೇ ಹಾರು ಹೊಡೆಯುತ್ತದೆ. ನಿಂತ ವಸ್ತುವನ್ನು ಹೊರಡಿಸಲು ಬೇಕಾಗುವ ಬಲ, ಹೊರಟ ವಸ್ತುವನ್ನು ನಡೆಸಲು ಬೇಕಾಗುವ ಬಲಕ್ಕಿಂತ ಹೆಚ್ಚು. ಎಣ್ಣೆಯ ಪೊರೆ ಒಣಗಿದ ಸ್ಲೈಡು ಹೀಗೆಯೇ ವರ್ತಿಸುತ್ತದೆ. ಕೆಲಸಗಾರ ಹ್ಯಾಂಡಲನ್ನು ಒಂದು ಗೀಟು ತಿರುಗಿಸುತ್ತಾನೆ, ಟೂಲು ಸರಿಯುವುದಿಲ್ಲ. ಇನ್ನೊಂದು ಗೀಟು ತಿರುಗಿಸಿದಾಗ ಎರಡು ಗೀಟಿನ ದೂರವನ್ನು ಒಟ್ಟಿಗೆ ಜಿಗಿಯುತ್ತದೆ. ಬೇರಿಂಗಿನ ಅಳತೆ ಅಲ್ಲಿಗೆ ಮುಗಿಯಿತು. ಕೊರೆದು ಹೋದ ಲೋಹ ಮತ್ತೆ ಅಂಟುವುದಿಲ್ಲ. ಮತ್ತೆ ವೆಲ್ಡಿಂಗ್ ಹಾಕಬೇಕು, ಅದರ ಕಾವಿಗೆ ಶಾಫ್ಟು ಬಾಗುತ್ತದೆ, ಅದನ್ನು ಮತ್ತೆ ನೆಟ್ಟಗೆ ಮಾಡಬೇಕು. ಪಂಚಿನ ಚುಕ್ಕೆಗಳು ಹುಟ್ಟುವುದು ಇಂತಹ ಗಳಿಗೆಯಲ್ಲಿಯೇ.

ಇದಕ್ಕೆ ಪರಿಹಾರ ಸರಿಯಾದ ಕೀಲೆಣ್ಣೆ. ಸ್ಲೈಡುಗಳಿಗೆಂದೇ ತಯಾರಿಸಿದ 68ನೆಯ ದರ್ಜೆಯ ಸ್ಲೈಡ್‌ವೇ ಆಯಿಲ್ ಸಿಗುತ್ತದೆ. ಅದು ಲೋಹಕ್ಕೆ ಅಂಟಿಕೊಂಡು, ನಿಧಾನವಾಗಿ ಸರಿಯುವಾಗಲೂ ಪೊರೆಯನ್ನು ಉಳಿಸಿಕೊಳ್ಳುತ್ತದೆ. ಟ್ರ್ಯಾಕ್ಟರಿನಿಂದ ಇಳಿಸಿದ ಕಪ್ಪು ಎಣ್ಣೆಯನ್ನು ಲೇತಿಗೆ ಹಾಕುವ ಪದ್ಧತಿಯನ್ನು ಮಾತ್ರ ನಿಲ್ಲಿಸಲೇಬೇಕು. ಅದರಲ್ಲಿ ಮಸಿಯೂ ಎಂಜಿನ್ನಿನ ಸವೆತದ ಪುಡಿಯೂ ಇರುತ್ತವೆ. ಅದನ್ನು ಬೆಡ್ಡಿಗೆ ಹಚ್ಚುವುದೆಂದರೆ ಹೊಲದ ಅಂಚಿನ ಕಳೆಯನ್ನು ತಂದು ಬಿತ್ತಿದಂತೆ.

ಪುಡಿಯ ಮಾತು ಬಂದುದರಿಂದ ಇನ್ನೊಂದು ಸಂಗತಿ. ನಮ್ಮ ಪೇಟೆಗಳಲ್ಲಿ ಲೇತು, ವೆಲ್ಡಿಂಗ್, ಗ್ರೈಂಡರ್ ಮೂರೂ ಒಂದೇ ತಗಡಿನ ಕೊಟ್ಟಿಗೆಯಲ್ಲಿ ಇರುತ್ತವೆ. ಗ್ರೈಂಡರಿನ ಕಿಡಿಯೊಡನೆ ಹಾರುವ ಕಲ್ಲಿನ ಪುಡಿ ಎಣ್ಣೆ ಹಚ್ಚಿದ ಬೆಡ್ಡಿನ ಮೇಲೆ ಕೂತು, ಸ್ಯಾಡಲ್ಲು ಓಡಾಡಿದಂತೆಲ್ಲ ಅದನ್ನು ಉಜ್ಜುತ್ತದೆ. ಶಾಫ್ಟಿಗೆ ಎಮರಿ ಕಾಗದ ಹಿಡಿದು ನುಣುಪು ಮಾಡುವಾಗಲೂ ಇದೇ ಪುಡಿ ಉದುರುತ್ತದೆ. ನಡುವೆ ಒಂದು ಅಡ್ಡಗೋಡೆ, ಅದಾಗದಿದ್ದರೆ ದಪ್ಪ ಟಾರ್ಪಾಲಿನ ಪರದೆ ಹಾಕಬೇಕು. ಎಮರಿ ಹಿಡಿಯುವಾಗ ಬೆಡ್ಡಿನ ಮೇಲೆ ಹಳೆಯ ವೃತ್ತಪತ್ರಿಕೆ ಹಾಸಬೇಕು. ಸ್ಯಾಡಲ್ಲಿನ ತುದಿಗಳಲ್ಲಿರುವ ಉಣ್ಣೆಯ ಫೆಲ್ಟು ತುಂಡುಗಳು ಈ ಪುಡಿಯನ್ನು ತಡೆಯಲೆಂದೇ ಇರುವುವು. ಅವುಗಳನ್ನು ಆಗಾಗ್ಗೆ ಸೀಮೆಎಣ್ಣೆಯಲ್ಲಿ ತೊಳೆದು, ಎಣ್ಣೆಯಲ್ಲಿ ನೆನೆಸಿ ಮತ್ತೆ ಹಾಕಬೇಕು. ಗಟ್ಟಿಯಾಗಿ ಹೋಗಿದ್ದರೆ ಹೊಸದನ್ನು ಕತ್ತರಿಸಿ ಹಾಕಬೇಕು.

ತಳಪಾಯ ಮತ್ತು ಎರಡು ಉಂಗುರಗಳ ಪರೀಕ್ಷೆ

ಎಷ್ಟೇ ಭಾರವಾದ ಬೆಡ್ಡಾದರೂ ತಳ ಕುಸಿದರೆ ತಿರುಚಿಕೊಳ್ಳುತ್ತದೆ. ಕೆಂಪು ಮಣ್ಣಿನ ಮೇಲೆ ತೆಳುವಾಗಿ ಎಳೆದ ಸಿಮೆಂಟು ನೆಲ ಸಾಕಾಗುವುದಿಲ್ಲ. ಹೆಗ್ಗಡದೇವನಕೋಟೆಯ ಎರೆಭೂಮಿ ಇರುವ ಕಡೆಗಳಲ್ಲಿ ನೆಲವು ಮಳೆಗಾಲದಲ್ಲಿ ಉಬ್ಬಿ ಬೇಸಿಗೆಯಲ್ಲಿ ಬಿರಿಯುವುದರಿಂದ ಗಟ್ಟಿ ಪದರ ಸಿಗುವವರೆಗೆ ಅಗೆದು ಕಾಂಕ್ರೀಟು ಹಾಕಬೇಕಾಗುತ್ತದೆ. ಕಾಂಕ್ರೀಟು ಚೆನ್ನಾಗಿ ಬಲಿತ ಮೇಲೆಯೇ ಬೋಲ್ಟುಗಳನ್ನು ಬಿಗಿಯಬೇಕು.

ಬೆಡ್ಡು ತಿರುಚಿದೆಯೇ ಎಂದು ತಿಳಿಯಲು ಬೆಲೆಬಾಳುವ ರಸಮಟ್ಟವಿದ್ದರೆ ಒಳ್ಳೆಯದು, ಇಲ್ಲದಿದ್ದರೂ ನಡೆಯುತ್ತದೆ. ಸುಮಾರು 50 ಮಿ.ಮೀ. ದಪ್ಪದ ಸರಳನ್ನು ಚಕ್ಕಿನಿಂದ 200 ಮಿ.ಮೀ. ಹೊರಬರುವಂತೆ ಹಿಡಿದು, ಟೈಲ್‌ಸ್ಟಾಕಿನ ಆಸರೆ ಕೊಡದೆ, ಚಕ್ಕಿನ ಬಳಿ ಒಂದು ಮತ್ತು ಹೊರತುದಿಯಲ್ಲಿ ಒಂದು ಉಂಗುರದಂತಹ ಭಾಗ ಉಳಿಯುವಂತೆ ನಡುವಿನ ಲೋಹವನ್ನು ತೆಗೆಯಬೇಕು. ಬಳಿಕ ಟೂಲಿನ ಅಳತೆಯನ್ನು ಬದಲಿಸದೆ ಎರಡು ಉಂಗುರಗಳನ್ನೂ ಹಗುರವಾಗಿ ಸವರಿ, ಮೈಕ್ರೋಮೀಟರಿನಿಂದ ಅಳೆಯಬೇಕು. ಎರಡೂ ಒಂದೇ ಅಳತೆಗೆ ಬಂದರೆ ಬೆಡ್ಡು ನೆಟ್ಟಗಿದೆ. ಹೊರಗಿನ ಉಂಗುರ ದಪ್ಪವಾಗಿದ್ದರೆ ಟೈಲ್‌ಸ್ಟಾಕಿನ ಕಡೆಯ ಎರಡು ಕಾಲುಗಳಲ್ಲಿ ಕೆಲಸಗಾರನ ಕಡೆಗಿರುವ ಕಾಲಿನ ಅಡಿಗೆ ತೆಳುವಾದ ತಗಡಿನ ಚೂರು ಕೊಟ್ಟು ಅದನ್ನು ಸ್ವಲ್ಪ ಎತ್ತಬೇಕು. ತೆಳುವಾಗಿದ್ದರೆ ಹಿಂದಿನ ಕಾಲನ್ನು ಎತ್ತಬೇಕು. ಪ್ರತಿ ಸಲವೂ ಬೋಲ್ಟು ಬಿಗಿದು, ಮತ್ತೆ ಸವರಿ, ಮತ್ತೆ ಅಳೆಯಬೇಕು. ಒಂದು ಮಧ್ಯಾಹ್ನದ ಕೆಲಸ. ಎಷ್ಟು ಸಲ ತಗಡು ಬದಲಿಸಿದರೂ ಸರಿಬಾರದಿದ್ದರೆ ಹೆಡ್‌ಸ್ಟಾಕೇ ಓರೆಯಾಗಿರಬಹುದು, ಅಥವಾ ಬೆಡ್ಡಿನ ಸವೆತ ಮಿತಿಮೀರಿರಬಹುದು.

ಹಳೆಯ ಯಂತ್ರ, ಕೆಟ್ಟ ಯಂತ್ರವಲ್ಲ

“ಮೆಷೀನು ಹಳೇದು ಕಣಣ್ಣ, ಇಷ್ಟೇ ಬರೋದು” ಎಂಬ ಮಾತನ್ನು ಅಂಗಡಿಗಳಲ್ಲಿ ಕೇಳಬಹುದು. ಇದನ್ನು ಪೂರ್ತಿಯಾಗಿ ಒಪ್ಪಲಾಗದು. ಕರ್ನಾಟಕವು ಲೇತಿನ ತಯಾರಿಕೆಯಲ್ಲಿ ದೇಶಕ್ಕೇ ಹೆಸರಾದ ನಾಡು. ಹರಿಹರದಲ್ಲಿ 1941ರಲ್ಲಿ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಸ್ಥಾಪನೆಯಾಯಿತು. ಕಿರ್ಲೋಸ್ಕರ್ ಮನೆತನದ ಉದ್ಯಮ ಬೆಳೆದದ್ದು ಕಬ್ಬಿಣದ ನೇಗಿಲು ಮತ್ತು ಮೇವು ಕತ್ತರಿಸುವ ಯಂತ್ರಗಳಿಂದ ಎಂಬುದನ್ನು ರೈತರು ನೆನೆಯಬಹುದು. 1953ರಲ್ಲಿ ಬೆಂಗಳೂರಿನಲ್ಲಿ ಹಿಂದೂಸ್ತಾನ್ ಮೆಷೀನ್ ಟೂಲ್ಸ್, ಸ್ವಿಟ್ಜರ್ಲೆಂಡಿನ ಓರ್ಲಿಕಾನ್ ಸಂಸ್ಥೆಯ ಸಹಯೋಗದಿಂದ, ಸರ್ಕಾರದ ಕಾರ್ಖಾನೆಯಾಗಿ ಆರಂಭವಾಯಿತು. ಯಂತ್ರೋಪಕರಣಗಳ ಸಂಶೋಧನೆಗೆಂದು 1962ರಲ್ಲಿ ಅದೇ ನಗರದಲ್ಲಿ ಕೇಂದ್ರ ಸಂಸ್ಥೆಯೊಂದು ಸ್ಥಾಪಿತವಾಯಿತು. ಹರಿಹರದ ಕಾರ್ಖಾನೆ ಇಂದು ನಡೆಯುತ್ತಿಲ್ಲ. ಆದರೆ ಆ ಕಾಲದ ದಪ್ಪ ಎರಕದ ಬೆಡ್ಡುಳ್ಳ ಲೇತುಗಳಿಗೆ ಬಾಗದಿರುವ ಗುಣ ಹುಟ್ಟಿನಿಂದಲೇ ಬಂದಿದೆ. ಬೆಲೆ ಕಡಿಮೆಯೆಂದು ತರುವ ಹಗುರ ಮೈಯ ಹೊಸ ಲೇತಿಗಿಂತ, ಸವೆತ ಸರಿಪಡಿಸಿದ ಭಾರವಾದ ಹಳೆಯ ಲೇತು ಶಾಫ್ಟಿನ ಕೆಲಸಕ್ಕೆ ಎಷ್ಟೋ ಮೇಲು.

ರೈತರು ನೋಡಬೇಕಾದುದು

ಅಂಗಡಿಯವರಿಗೆ ಪಾಠ ಹೇಳುವುದು ರೈತರ ಕೆಲಸವಲ್ಲ; ಆದರೆ ತಮ್ಮ ಶಾಫ್ಟಿನ ಬಗ್ಗೆ ಕೇಳುವ ಹಕ್ಕು ಅವರಿಗಿದೆ. ಶಾಫ್ಟಿನ ಜೊತೆಗೆ ಹೊಸ ಬೇರಿಂಗನ್ನೂ ಒಯ್ಯಬೇಕು, ಹಳೆಯದರ ಮೇಲಿನ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಬೇಕು. ಕಡೆದು ಮುಗಿಸಿದ ಮೇಲೆ, ಶಾಫ್ಟು ತಣ್ಣಗಾದ ನಂತರ, ಬೇರಿಂಗಿನ ಜಾಗದ ಎರಡು ಅಂಚು ಮತ್ತು ನಡುಭಾಗದಲ್ಲಿ ಮೈಕ್ರೋಮೀಟರಿನಿಂದ ಅಳೆದು ತೋರಿಸುವಂತೆ ಕೇಳಬೇಕು. ವರ್ನಿಯರಿನ ಅಳತೆ ಈ ಕೆಲಸಕ್ಕೆ ಸಾಲದು. ಬಿಸಿಯಾಗಿರುವಾಗ ಅಳೆದರೂ ಪ್ರಯೋಜನವಿಲ್ಲ. 40 ಮಿ.ಮೀ. ಉಕ್ಕು 30 ಡಿಗ್ರಿಯಷ್ಟು ಹೆಚ್ಚು ಬಿಸಿಯಿದ್ದರೆ ಸುಮಾರು 0.014 ಮಿ.ಮೀ. ಹಿಗ್ಗಿರುತ್ತದೆ. ಇರುವ ಅವಕಾಶವೆಲ್ಲ ಅಷ್ಟರಲ್ಲೇ ಕಳೆದುಹೋಗುತ್ತದೆ. ಬೇರಿಂಗನ್ನು ಸುತ್ತಿಗೆಯಿಂದ ಹೊರಬಳೆಗೆ ಹೊಡೆದು ಕೂರಿಸಿದರೆ, ಮೇಲಿನ ಇಷ್ಟೂ ಶ್ರಮ ವ್ಯರ್ಥ. ಒತ್ತುವುದಾದರೆ ಒಳಬಳೆಯನ್ನೇ ಒತ್ತಬೇಕು.

ಲೇತು ತಿರುಗುತ್ತಿರುವಾಗ ಹೆಗಲ ಮೇಲಿನ ಟವೆಲ್ಲು, ಪಂಚೆಯ ತುದಿ ಚಕ್ಕಿಗೆ ಸಿಕ್ಕಿ ಅಪಘಾತಗಳಾಗುತ್ತವೆ. ನೋಡುವವರು ದೂರದಲ್ಲಿಯೇ ನಿಲ್ಲುವುದು ಕ್ಷೇಮ.

ಬ್ಯಾರನ್ನಿನ ಹೊಗೆಕೊಳವೆ, ಕೂರಿಗೆಯ ಕೊಳವೆ, ನೇಗಿಲಿನ ಚೌಕಟ್ಟು ಮುಂತಾದವಕ್ಕೆ ಇಷ್ಟು ಸೂಕ್ಷ್ಮ ಬೇಕಿಲ್ಲ. ಅವಕ್ಕೆ ತಗಡು ಮಡಚುವವರು, ವೆಲ್ಡಿಂಗ್ ಮಾಡುವವರು ಸಾಕು. ಪಂಪು, ಪವರ್ ಟಿಲ್ಲರಿನ ಗೇರುಪೆಟ್ಟಿಗೆ, ರೋಟವೇಟರಿನ ಶಾಫ್ಟು ಇವುಗಳಿಗೆ ಮಾತ್ರ ಒಳ್ಳೆಯ ಲೇತನ್ನು ಹುಡುಕಿಕೊಂಡು ಹತ್ತು ಮೈಲಿ ಹೆಚ್ಚು ಹೋದರೂ ನಷ್ಟವಿಲ್ಲ. ವಿಸ್ತರಣಾ ಕಾರ್ಯಕರ್ತರು ತಮ್ಮ ಹೋಬಳಿಯ ಅಂಗಡಿಗಳಲ್ಲಿ ಎರಡು ಉಂಗುರಗಳ ಪರೀಕ್ಷೆಯನ್ನು ಮಾಡಿಸಿ ನೋಡಿದರೆ ರೈತರಿಗೆ ಎಲ್ಲಿಗೆ ಹೋಗಬೇಕೆಂದು ಹೇಳಲು ಅನುಕೂಲವಾಗುತ್ತದೆ.

ಹೊಗೆಸೊಪ್ಪಿನ ಹರಾಜು ಮುಗಿಯುವ ಹೊತ್ತಿನಲ್ಲಿ, ಸಸಿಮಡಿಯ ಕೆಲಸ ಇನ್ನೂ ಆರಂಭವಾಗದಿರುವಾಗ, ಲೇತು ಅಂಗಡಿಗಳಲ್ಲಿ ಜನಸಂದಣಿ ಕಡಿಮೆ. ಗಿಬ್ ಸರಿಪಡಿಸುವುದಕ್ಕೂ, ಕಾಲುಗಳ ಕೆಳಗೆ ತಗಡು ಕೊಡುವುದಕ್ಕೂ ಅಂಗಡಿಯವರಿಗೆ ಅದೇ ಸರಿಯಾದ ಕಾಲ. ಪಂಪನ್ನು ಬಿಚ್ಚಿ ನೋಡುವುದಕ್ಕೆ ರೈತರಿಗೂ ಅದೇ. ಬೆಡ್ಡನ್ನೇ ಗ್ರೈಂಡಿಂಗ್ ಮಾಡಿಸಬೇಕಾದ ಲೇತುಗಳನ್ನು ದೊಡ್ಡ ಊರಿಗೆ ಕಳುಹಿಸಬೇಕಾಗುವುದರಿಂದ, ಆ ತೀರ್ಮಾನವನ್ನು ಮಳೆಗಾಲದ ನಡುವೆಯೇ ಮಾಡಿ ಸಾಗಣೆಯ ಏರ್ಪಾಡು ಮಾಡಿಕೊಳ್ಳಬೇಕು.